ಸಂಪಿನ ಮಣ್ಣಲ್ಲಿ ಅಮ್ಮನ ಮನೆ: ನನ್ನ ಅನುಭವ

ತಿಪಟೂರು ಹತ್ತಿರ ನಮ್ಮೂರಿನಲ್ಲಿ ಅಮ್ಮನಿಗೆ ಕಟ್ಟಿದ ಮಣ್ಣಿನ ಬ್ಲಾಕಿನ ಮನೆ ಮೂರು ಮಳೆಗಾಲ ದಾಟಿದೆ. ಗೋಡೆ ಎಲ್ಲೂ ಉದುರಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಟ್ಟುವಾಗ ನೆಂಟರೆಲ್ಲ, 'ಸಿವಿಲ್ ಪ್ರೊಫೆಸರ್ ಆಗಿ ಹೆತ್ತ ತಾಯಿಗೆ ಮಣ್ಣಿನ ಮನೆಯಾ?' ಎಂದು ಕೇಳಿದ್ದರು. ಒಂದು ಬ್ಯಾಂಕಿನವರು ಸಾಲದ ಅರ್ಜಿಯನ್ನು ಹಾಗೇ ವಾಪಸ್ ಕೊಟ್ಟರು. ಪಿಎಫ್‌ನಿಂದ ದುಡ್ಡು ತೆಗೆದೆ, ಹೆಂಡತಿಯ ಚೀಟಿ ಹಣವೂ ಸೇರಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ 'ಅಸ್ತ್ರ' ಕೇಂದ್ರ ಶುರುವಾಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಸುಡದೆ, ಕೈಯಿಂದಲೇ ಅಚ್ಚಿನಲ್ಲಿ ಒತ್ತಿ ಬ್ಲಾಕು ಮಾಡುವ ಮರ್ದಿನಿ ಮೆಷಿನ್ ಅಲ್ಲಿಯ ಕೆಲಸದಿಂದಲೇ ಬಂದದ್ದು. ನಮ್ಮದೂ ಅದೇ ದಾರಿ. ಇನ್ನು ನಮ್ಮ ಮಣ್ಣಿಗೆ ಬರುತ್ತೇನೆ.

ಸಂಪು ಮತ್ತು ಪಾಯ ತೋಡಿದಾಗ ಬಂದ ಕೆಂಪು ಮಣ್ಣನ್ನೇ ಬಳಸಿದೆವು. ಮೊದಲ ಬ್ಯಾಚು ಒಣಗುವಾಗಲೇ ಬಿರುಕು ಬಿಟ್ಟಿತು. ಬಾಟಲಿಯಲ್ಲಿ ನೀರು ಹಾಕಿ ಕಲಕಿ ನೋಡಿದರೆ ಜೇಡಿ ಜಾಸ್ತಿ, ಕಾಲು ಭಾಗಕ್ಕಿಂತ ಮೇಲೇ ಇತ್ತು. ಒಂದಕ್ಕೆ ಒಂದು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬೆರೆಸಿದ ಮೇಲೆ ಬಿರುಕು ನಿಂತಿತು. ಸಿಮೆಂಟು ಏಳು ಪರ್ಸೆಂಟ್ ಹಾಕಿದೆ.

ಎರಡನೇ ಬ್ಯಾಚು ನೋಡೋಕೆ ಚೆನ್ನಾಗಿತ್ತು. ಒಣ ಬ್ಲಾಕನ್ನು ಕಾಲೇಜಿನ ಯುಟಿಎಂಗೆ, ಅಂದರೆ ಒತ್ತಿ ಗಟ್ಟಿತನ ಅಳೆಯುವ ಯಂತ್ರಕ್ಕೆ, ಹಾಕಿದರೆ ಒಳ್ಳೇ ನಂಬರ್ ಬಂತು. ನೀರಲ್ಲಿ ನೆನೆಸಿ ಹಾಕಿದಾಗ ಒಂದೂವರೆ ಎಂಪಿಎ ಆಸುಪಾಸಿಗೆ ಇಳಿಯಿತು (ಒಂದು ಎಂಪಿಎ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಹತ್ತು ಕೆಜಿ ಭಾರ ತಡೆಯುವ ಶಕ್ತಿ). ಒಣ ಬ್ಲಾಕಿನ ನಂಬರ್ ನಂಬಿ ಮನೆ ಕಟ್ಟಬೇಡಿ, ಮಳೆಗಾಲದಲ್ಲಿ ಭಾರ ಹೊರುವುದು ಒದ್ದೆ ಗೋಡೆ ಅಲ್ವಾ? ಹುಡುಕಿದಾಗ ಎರಡು ಕಾರಣ ಸಿಕ್ಕಿದವು. ಕೆಲಸದವರು ಬೆಳಗ್ಗೆಯೇ ಇಡೀ ದಿನದ ಮಣ್ಣಿಗೆ ಸಿಮೆಂಟು ಕಲಸಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಸತ್ವವೇ ಹೋಗಿರುತ್ತಿತ್ತು. ಇನ್ನೊಂದು, ಅಚ್ಚಿಗೆ ಮಣ್ಣನ್ನು ಕಣ್ಣಂದಾಜಲ್ಲಿ ತುಂಬುತ್ತಿದ್ದರು.

ಅಂಗಡಿ ತಕ್ಕಡಿ ತಂದಿಟ್ಟೆ. ಒಂಬತ್ತು × ಏಳೂವರೆ × ನಾಲ್ಕು ಇಂಚಿನ ಅಚ್ಚಿಗೆ ಹಸಿ ಮಣ್ಣು ಒಂಬತ್ತು ಕೆಜಿ ಹತ್ತಿರ. ಪ್ರತಿ ಸಲ ತೂಗಿಯೇ ಹಾಕಬೇಕು. ಕಲಸಿದ್ದು ಅರ್ಧ ಗಂಟೆಯೊಳಗೆ ಮುಗಿಯುವಷ್ಟೇ ಇರಬೇಕು. 'ಇದೇನು ಸಾರ್, ಬಂಗಾರವಾ?' ಎಂದು ಮೇಸ್ತ್ರಿ ಗೊಣಗಿದ. ಗೋಣಿಚೀಲ ಹೊದಿಸಿ ನಾಲ್ಕು ವಾರ ನೀರು ಹೊಡೆದೆವು. ನೆನೆಸಿದ ಬ್ಲಾಕು ಮೂರೂವರೆ, ನಾಲ್ಕು ಎಂಪಿಎ ಕೊಟ್ಟಿತು. ನಮ್ಮ ಲ್ಯಾಬಿನಲ್ಲಿ ಅಷ್ಟು ಒಳ್ಳೆಯ ಮಣ್ಣಿನ ಬ್ಲಾಕು ಅದಕ್ಕೆ ಮುಂಚೆ ಬಂದಿರಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಆಮೇಲೆ ಮೇಸ್ತ್ರಿಯೇ ತಕ್ಕಡಿ ಬಿಟ್ಟು ಕೆಲಸ ಮಾಡುತ್ತಿರಲಿಲ್ಲ.

ದುಡ್ಡಿನ ವಿಷಯ. ಒಂದು ಚೀಲ ಸಿಮೆಂಟಿಗೆ ಸುಮಾರು ತೊಂಬತ್ತು ಬ್ಲಾಕು. ಆರು ಜನ ಸೇರಿದರೆ ದಿನಕ್ಕೆ ನಾನೂರರ ಹತ್ತಿರ. ಕೂಲಿ, ಸಿಮೆಂಟು, ಮರಳು ಎಲ್ಲ ಸೇರಿ ಬ್ಲಾಕಿಗೆ ಹದಿನೇಳು, ಹದಿನೆಂಟು ರೂಪಾಯಿ ಬಿತ್ತು. ಒಂದು ಬ್ಲಾಕು ಎರಡೂವರೆ ಸುಟ್ಟ ಇಟ್ಟಿಗೆಯ ಜಾಗ ತುಂಬುತ್ತದೆ. ಇಟ್ಟಿಗೆ ಆಗ ನಮ್ಮ ಕಡೆ ಹನ್ನೊಂದು ರೂಪಾಯಿ. ಲೆಕ್ಕ ನೀವೇ ಹಾಕಿ. ಒಳಗೂ ಹೊರಗೂ ಪ್ಲಾಸ್ಟರ್ ಉಳಿದದ್ದು ಬೇರೆ. ಕೆಟ್ಟುಹೋದ ಎರಡು ಬ್ಯಾಚಿಗೆ ಇಪ್ಪತ್ತು ಸಾವಿರದಷ್ಟು ಹೋಯಿತು. ಪುಡಿ ಮಾಡಿ ನೆಲದಡಿ ತುಂಬಿಸಿದೆವು.

ನಡುವೆ ರಾಗಿ ಹುಲ್ಲು ಕತ್ತರಿಸಿ ಬೆರೆಸಿ ನೋಡಿದೆ. ಮೆಷಿನ್ನಿಂದ ತೆಗೆಯುವಾಗಲೇ ಬ್ಲಾಕಿನ ಅಂಚು ಮುರಿಯುತ್ತಿತ್ತು, ಬಿಟ್ಟೆ. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಬಚ್ಚಲ ಗೋಡೆಗೆ ಹಳೇ ಕಾಲದ ಗಾರೆಯನ್ನೂ ಮಾಡಿಸಿದೆ. ಅಮ್ಮ ಅಳಲೆಕಾಯಿ ಜಜ್ಜಿಕೊಟ್ಟರು. ಅದು ಇನ್ನೂ ಗಟ್ಟಿಯಾಗಿದೆ. ಪಡುವಣ ಗೋಡೆಗೆ ಎರಚಲು ತಡೆಯಲು ಬಳಿದ ಲೇಪದ ಪಾಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಊರಿಗೆ ಬಂದವರಿಗೆ ತೋರಿಸುತ್ತೇನೆ.

ಮಗಳು ಪ್ಲಾನ್ ಬರೆದಳು. ಹೆಂಡತಿ ಲೆಕ್ಕ ಇಟ್ಟಳು. ನನ್ನ ಶನಿವಾರ, ಭಾನುವಾರಗಳೆಲ್ಲ ಅಲ್ಲೇ ಕಳೆದವು. ಅಂತಿಮ ವರ್ಷದ ಹುಡುಗರು ಬಂದು ಕೈ ಕೆಸರು ಮಾಡಿಕೊಂಡರು. ಆದರೆ ತೂಕದ ಶಿಸ್ತು ಎಲ್ಲರಿಗಿಂತ ಬೇಗ ಹಿಡಿದವರು ಊರಿನ ಸ್ವಸಹಾಯ ಸಂಘದ ಹೆಂಗಸರು. ಮೆಷಿನ್ನನ್ನು ಈಗ ಅವರಿಗೇ ಕೊಟ್ಟಿದ್ದೇನೆ. ಹೋದ ವರ್ಷ ನಾಲ್ಕು ಮನೆಗಳಿಗೆ ಬ್ಲಾಕು ಹಾಕಿಕೊಟ್ಟರು. ಅದರಲ್ಲಿ ಎರಡು, 'ಮಣ್ಣಿನ ಮನೆಯಾ' ಎಂದ ನೆಂಟರದ್ದೇ.

ಮಾಡುವವರು ಸಂಕ್ರಾಂತಿ ಆದ ಮೇಲೆ ಶುರು ಮಾಡಿ, ಮುಂಗಾರಿಗೆ ಮುಂಚೆ ಸೂರು ಹಾಕಿ. ನಿಮ್ಮದು ಎರೆಮಣ್ಣಾದರೆ ಈ ಅಳತೆ ನಡೆಯುವುದಿಲ್ಲ, ಅದಕ್ಕೆ ಸುಣ್ಣ ಬೇಕು. ಸುಣ್ಣ ಹಾಕಿದ ಎರೆಮಣ್ಣಿನ ಬ್ಲಾಕುಗಳು ನಮ್ಮ ಲ್ಯಾಬಿನ ತೊಟ್ಟಿಯಲ್ಲಿ ಈಗ ನೆನೆಯುತ್ತಿವೆ.