ತಿಂಗಳು ತಿಂಗಳು ದುಡ್ಡು ಕೊಡುವ ನನ್ನ ವೀಕ್ಷಕರು

ಗೋಣಿಕೊಪ್ಪದ ಹತ್ತಿರ ನಮ್ಮ ತೋಟ. ಅಲ್ಲಿಂದಲೇ ಕಾಫಿ, ಕಾಳುಮೆಣಸಿನ ಬೇಸಾಯದ ವಿಡಿಯೊ ಮಾಡುತ್ತೇನೆ. ಇಂಥದ್ದನ್ನು ಕನ್ನಡದಲ್ಲಿ ನೋಡುವವರು ಹೆಚ್ಚಾಗಿ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು. ಇಷ್ಟು ಸಣ್ಣ ಬಳಗವಿದ್ದಾಗ ಜಾಹೀರಾತಿನ ಹಣ ನಂಬಿ ಕೂರಲಾಗದು. ಅದಕ್ಕೇ ಚಾನೆಲ್‌ನಲ್ಲಿ, ವೀಕ್ಷಕರು ತಿಂಗಳಿಗಿಷ್ಟು ಹಣ ಕೊಟ್ಟು ಸದಸ್ಯರಾಗುವ ಜಾಯಿನ್ ಬಟನ್ ತೆರೆದೆ. ಯೂಟ್ಯೂಬ್ ಈ ಸದಸ್ಯತ್ವವನ್ನು 2018ರಲ್ಲಿ ತಂದಿತು. ಬರುವ ಹಣದಲ್ಲಿ ಶೇ 30 ಅದಕ್ಕೆ, ಶೇ 70 ನಮಗೆ.

ಸದಸ್ಯರಿಗೆಂದೇ ಬೇರೆ ವಿಡಿಯೊ ಹಾಕುತ್ತಿದ್ದೆ. ನೋಡುವವರು ತೀರಾ ಕಡಿಮೆ, ಆದರೂ ದುಡ್ಡು ಬರುವುದು ನಿಲ್ಲಲಿಲ್ಲ. ಯಾಕೆಂದು ಸೋಮವಾರಪೇಟೆಯ ಹಿರಿಯ ಬೆಳೆಗಾರರೊಬ್ಬರನ್ನು ಕೇಳಿದೆ. "ನನಗೆಂದು ಬೇರೆ ವಿಡಿಯೊ ಬೇಡ ಮಾರಾಯ, ನೀನು ನಿಲ್ಲಿಸದಿದ್ದರೆ ಸಾಕು. ಪಕ್ಕದ ತೋಟದವನೂ ನೋಡಲಿ. ಅವನ ಬಳ್ಳಿಗೆ ಸೊರಗು ರೋಗ ಬಂದರೆ ನನ್ನದಕ್ಕೆ ಬಾರದೆ ಇರುತ್ತದಾ?" ಎಂದರು. ಕಾಳುಮೆಣಸಿನ ಬಳ್ಳಿಗೆ ಬಂದು ಮಳೆನೀರಿನ ಜೊತೆ ಹರಡುವ ರೋಗ ಅದು, ಬೇಲಿ ನೋಡುವುದಿಲ್ಲ. ಎಲ್ಲರಿಗೂ ಉಚಿತವಾಗಿ ಸಿಗಲಿ ಎಂದೇ ದುಡ್ಡು ಕೊಡುವವರಿದ್ದಾರೆ ಎಂದು ನನಗೆ ಮನದಟ್ಟಾದದ್ದು ಅವರಿಂದ.

ಇನ್ನು ಕೆಲವರು ಪ್ರಯೋಜನ ಪಡೆದ ಮೇಲೆ ಬರುತ್ತಾರೆ. ಮುಂಗಾರಿಗೆ ಮುಂಚೆ, ಇಂಥ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದನ್ನು ತೋರಿಸಿದ್ದೆ: 100 ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ಅದ್ದಿದ ಚಾಕುವಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ವಿರಾಜಪೇಟೆ ಕಡೆಯ ಒಬ್ಬರು ಕೆಂಪಾದ ಚಾಕುವಿನ ಫೋಟೊ ಕಳಿಸಿದರು. ಆ ರಾತ್ರಿಯೇ ಉತ್ತರ ಕೊಟ್ಟೆ. ಮಳೆ ಮುಗಿಯುವ ಹೊತ್ತಿಗೆ ಅವರು ಸದಸ್ಯರಾಗಿದ್ದರು.

ಬೆಂಗಳೂರು, ದುಬೈ ಸೇರಿದ ನಮ್ಮವರಿಗೆ ಬೋರ್ಡೋ ಬೇಕಿಲ್ಲ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದ ಮೇಲೆ ಅರಳಿ ನಿಂತ ಕಾಫಿ ತೋಟ ಕಾಣಬೇಕು, ಲೈವ್‌ನಲ್ಲಿ ಹೆಸರು ಹಿಡಿದು ಮಾತಾಡಿಸಬೇಕು. ಇದೂ ಕೃಷಿ ಮಾಹಿತಿಯಷ್ಟೇ ಮುಖ್ಯ ಎಂದೇ ನನ್ನ ಅನಿಸಿಕೆ.

ಸದಸ್ಯತ್ವ ನಿಲ್ಲಿಸಲು ಮರೆತು ಕೊಡುತ್ತಿದ್ದಾರೆ ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಯಾದ ಮೇಲೆ, ಕಾರ್ಡಿನಿಂದ ಪ್ರತಿ ತಿಂಗಳು ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕ್ ತಿಳಿಸಲೇಬೇಕು. ಬೇಡವೆಂದರೆ ಆಗಲೇ ನಿಲ್ಲಿಸಬಹುದು.

ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಹೋಗಿ ವಿಡಿಯೊ ನಿಂತಾಗಲೂ ಸದಸ್ಯರು ಕಾಯುತ್ತಾರೆ. ಬಿಟ್ಟುಹೋದವರನ್ನು ವಿಚಾರಿಸಿದರೆ, ಕೇಳಿದ ಪ್ರಶ್ನೆಗೆ ಉತ್ತರ ಸಿಗದವರೇ ಹೆಚ್ಚು. ಅದಕ್ಕೆ ಈಗ ಸದಸ್ಯರ ಪ್ರತ್ಯೇಕ ವಿಡಿಯೊ ಕೈಬಿಟ್ಟು, ಆ ಹೊತ್ತನ್ನು ಪ್ರಶ್ನೆಗಳಿಗೆ ಕೊಟ್ಟಿದ್ದೇನೆ. ಸರದಿಯಲ್ಲಿ ಸದಸ್ಯರು ಮೊದಲು; ಉತ್ತರ ಮಾತ್ರ ಎಲ್ಲರಿಗೂ ಕಾಣುವಂತೆ ಬರೆಯುತ್ತೇನೆ.