ಹಳೇ ಟ್ರಕ್ಕಿನ ಕ್ಲಚ್, ಫ್ಲೈವೀಲ್ ಮನೇಲೇ ಬದಲಾಯ್ಸೋದು

ಎಂಜಿನ್ ಜೋರಾಗಿ ಕೂಗತ್ತೆ ಆದ್ರೆ ಗಾಡಿ ಎಳೆಯಲ್ಲ, ಏರಲ್ಲಿ ಸುಟ್ಟ ವಾಸನೆ ಬರತ್ತೆ ಅಂದ್ರೆ ಕ್ಲಚ್ ಸ್ಲಿಪ್ ಆಗ್ತಿದೆ ಅಂತ ಅರ್ಥ. ಬಿಚ್ಚೋಕೆ ಮೊದ್ಲು ಪೆಡಲ್ ಫ್ರೀ ಪ್ಲೇ (ಒತ್ತಿದಾಗ ಮೊದ್ಲು ಸಡಿಲವಾಗಿ ಇಳಿಯೋ ಅಷ್ಟು ಜಾಗ) ನೋಡಿ, ಅದು ಇಲ್ದಿದ್ರೂ ಸ್ಲಿಪ್ ಆಗತ್ತೆ, ಬರೀ ಅಡ್ಜಸ್ಟ್ ಮಾಡಿದ್ರೇ ಸರಿಹೋಗಬಹುದು. ಸರಿಹೋಗ್ಲಿಲ್ಲ ಅಂದ್ರೆ ಗೇರ್ ಬಾಕ್ಸ್ ಇಳಿಸಲೇಬೇಕು, ಮತ್ತೆ ಇದು ಒಬ್ರೇ ಮಾಡೋ ಕೆಲಸ ಅಲ್ಲ, ದಯವಿಟ್ಟು ಜೊತೆಗೊಬ್ರನ್ನ ಇಟ್ಕೊಳ್ಳಿ.

ಗಟ್ಟಿ ನೆಲ ಇರ್ಬೇಕು, ಚಕ್ರಕ್ಕೆ ಅಡ್ಡ ಇಡ್ಬೇಕು, ಗಾಡಿ ಸ್ಟ್ಯಾಂಡ್ ಮೇಲೆ ಕೂರ್ಬೇಕು. ಬರೀ ಜಾಕ್ ನಂಬ್ಕೊಂಡು ಕೆಳಗೆ ಹೋಗ್ಲೇಬೇಡಿ. ಬ್ಯಾಟರಿ ನೆಗೆಟಿವ್ ಮೊದ್ಲು ತೆಗೀರಿ, ಯಾಕಂದ್ರೆ ಸ್ಟಾರ್ಟರ್‌ಗೆ ಬರೋ ದಪ್ಪ ವೈರಲ್ಲಿ ಕೀ ಆಫ್ ಇದ್ರೂ ಕರೆಂಟ್ ಇರತ್ತೆ, ಸ್ಪ್ಯಾನರ್ ಚಾಸಿಗೆ ತಾಗಿದ್ರೆ ಕಿಡಿ ಹಾರತ್ತೆ. ಆಮೇಲೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಉದ್ದ ಶಾಫ್ಟ್), ಬಿಚ್ಚೋ ಮುಂಚೆ ಬೋಲ್ಟ್ ಹಾಕಿ ಕೂಡಿಸಿರೋ ಎರಡೂ ಫ್ಲ್ಯಾಂಜ್ ಮೇಲೆ ಗುರುತು ಹಾಕಿ, ಹಾಗೇ ವಾಪಸ್ ಹಾಕ್ದಿದ್ರೆ ವೈಬ್ರೇಶನ್ ಬರಬಹುದು. ಸ್ಟಾರ್ಟರ್, ಗೇರ್ ಲಿವರ್, ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಡವನ್ನ ಕ್ಲಚ್‌ಗೆ ಮುಟ್ಟಿಸೋ ಹೈಡ್ರಾಲಿಕ್ ಭಾಗ), ವೈರುಗಳು ಎಲ್ಲಾ ಬಿಚ್ಚಿ, ಎಂಜಿನ್ ಹಿಂಭಾಗಕ್ಕೆ ಆಸರೆ ಕೊಟ್ಟು ಆಮೇಲೇ ಗೇರ್ ಬಾಕ್ಸ್ ಹೊತ್ತಿರೋ ಅಡ್ಡಪಟ್ಟಿ, ಅಂದ್ರೆ ಕ್ರಾಸ್ ಮೆಂಬರ್‌ಗೆ ಕೈ ಹಾಕಿ.

ಗೇರ್ ಬಾಕ್ಸಿನ ಭಾರ ಪೂರ್ತಿ ಜಾಕ್ ಮೇಲಿದೆ ಅಂತ ನೋಡ್ಕೊಂಡೇ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಗಂಟೆ ಆಕಾರದ ಕವಚ) ಬೋಲ್ಟ್ ಬಿಚ್ಚಿ, ನೇರವಾಗಿ ಹಿಂದಕ್ಕೆ ಎಳೀರಿ. ಗೇರ್ ಬಾಕ್ಸಿಂದ ಕ್ಲಚ್ ಒಳಗೆ ಹೋಗೋ ಇನ್‌ಪುಟ್ ಶಾಫ್ಟ್ ಮೇಲೆ ಭಾರ ನೇತಾಡಿದ್ರೆ ಶಾಫ್ಟಿಗೂ, ಅದರ ತುದಿ ಕೂರೋ ಪೈಲಟ್ ಬೇರಿಂಗಿಗೂ ಪೆಟ್ಟು. ವಾಪಸ್ ಹಾಕುವಾಗ ಹೀಗಾದ್ರೆ ಹೊಸ ಕ್ಲಚ್ ಪ್ಲೇಟೇ ಬಾಗತ್ತೆ, ಇಡೀ ಕೆಲ್ಸ ಮತ್ತೆ ಮೊದಲಿಂದ.

ಒಳಗಿರೋ ಧೂಳನ್ನ ಗಾಳಿ ಹೊಡೆದು ತೆಗೀಬೇಡಿ, ಹಳೇ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಶ್ವಾಸಕೋಶಕ್ಕೆ ಅಪಾಯ. ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ. ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನ ಫ್ಲೈವೀಲ್‌ಗೆ ಒತ್ತಿ ಹಿಡಿಯೋ ಭಾಗ) ಬೋಲ್ಟುಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, ಒಳಗೆ ಸ್ಪ್ರಿಂಗ್ ಒತ್ತಡ ಇರತ್ತೆ.

ಈಗ ಫ್ಲೈವೀಲ್, ಅಂದ್ರೆ ಎಂಜಿನ್ ಹಿಂದೆ ಕೂತು ಅದರ ಜೊತೆ ತಿರುಗೋ ಭಾರದ ಚಕ್ರ. ನೀಲಿ ಕಲೆ, ಸಣ್ಣ ಸಣ್ಣ ಬಿರುಕು, ಉಗುರಿಗೆ ಸಿಗೋ ಗೆರೆ ಇದ್ಯಾ ನೋಡಿ. ಬಿರುಕು ಆಳ ಇದ್ರೆ ಹೊಸದೇ ಹಾಕ್ಬೇಕು, ಇಲ್ಲಾಂದ್ರೆ ಫೇಸಿಂಗ್ (ಲೇತ್‌ನಲ್ಲಿ ಮುಖ ತೆಳ್ಳಗೆ ಕೆತ್ತಿ ಸಮ ಮಾಡೋದು) ಮಾಡಿಸ್ಬಹುದು, ಆದ್ರೆ ಕೆಲವು ಫ್ಲೈವೀಲಲ್ಲಿ ಕ್ಲಚ್ ಪ್ಲೇಟ್ ಉಜ್ಜೋ ಜಾಗ ಒಂದು ಎತ್ತರ, ಪ್ರೆಶರ್ ಪ್ಲೇಟ್ ಕೂರೋ ಜಾಗ ಇನ್ನೊಂದು ಎತ್ತರ ಇರತ್ತೆ, ಎರಡನ್ನೂ ಒಂದೇ ಅಳತೆ ಇಳಿಸ್ಬೇಕು ಅಂತ ಲೇತ್‌ನವರಿಗೆ ಬಾಯಿಬಿಟ್ಟು ಹೇಳಿ. ಫ್ಲೈವೀಲ್ ಅಂಚಲ್ಲಿ ಸ್ಟಾರ್ಟರ್ ಹಿಡಿಯೋ ರಿಂಗ್ ಗೇರ್ ಹಲ್ಲು ಸವೆದಿದ್ಯಾ ಅದನ್ನೂ ಈಗ್ಲೇ ನೋಡ್ಬಿಡಿ. ಫ್ಲೈವೀಲ್ ಸಿಕ್ಕಾಪಟ್ಟೆ ಭಾರ, ಕೊನೇ ಬೋಲ್ಟ್ ತೆಗೆಯುವಾಗ ಕಾಲು ಕೆಳಗಿರದ ಹಾಗೆ ನೋಡ್ಕೊಳ್ಳಿ.

ಫ್ಲೈವೀಲ್ ಹೊರಗೆ ಬಂದಾಗ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಕಾಣತ್ತೆ. ಚೂರು ಪಸೆ ಇದ್ರೂ ಬದಲಾಯಿಸಿ. ಸೀಲ್ ಅಗ್ಗದ ವಸ್ತು, ಅದು ಸೋರಿದ್ರೆ ಹೊಸ ಕ್ಲಚ್‌ಗೆ ಎಣ್ಣೆ ಹತ್ತಿ ಹಾಳಾಗತ್ತೆ. ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟ್ ಸ್ಪ್ರಿಂಗನ್ನ ಒತ್ತೋದು) ಕೂಡ ಹೊಸದೇ ಹಾಕಿ. ಫ್ಲೈವೀಲ್ ಬೋಲ್ಟುಗಳನ್ನ ಹೊಸದು ತಗೊಂಡು, ನಿಮ್ಮ ಗಾಡಿ ಮ್ಯಾನ್ಯುಯಲ್ಲಲ್ಲಿರೋ ಟಾರ್ಕ್‌ಗೆ ಎದುರುಬದುರು ಬಿಗೀರಿ, ಅಂದಾಜಲ್ಲಿ ಬೇಡ.

ಫ್ಲೈವೀಲ್ ಮುಖ, ಪ್ರೆಶರ್ ಪ್ಲೇಟ್ ಮುಖ ಎರಡನ್ನೂ ಬ್ರೇಕ್ ಕ್ಲೀನರಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸ್ಬೇಡಿ. ಪ್ಲೇಟ್ ಮೇಲೆ ಫ್ಲೈವೀಲ್ ಕಡೆ ಯಾವ್ದು ಅಂತ ಸಾಮಾನ್ಯವಾಗಿ ಬರೆದಿರತ್ತೆ, ತಿರುಗುಮುರುಗಾದ್ರೆ ಕ್ಲಚ್ ಬಿಡೋದೇ ಇಲ್ಲ. ಅಲೈನ್‌ಮೆಂಟ್ ಟೂಲ್ ಹಾಕಿ ಪ್ಲೇಟ್ ನಡುವಿಗೆ ತಂದು ಬಿಗಿ ಮಾಡಿ. ಇನ್‌ಪುಟ್ ಶಾಫ್ಟಿನ ಉದ್ದುದ್ದ ಹಲ್ಲಿಗೆ, ಅಂದ್ರೆ ಸ್ಪ್ಲೈನ್‌ಗೆ ತೆಳ್ಳಗೆ ಗ್ರೀಸ್ ಸವರಿ ಹೆಚ್ಚಾದದ್ದು ಒರೆಸಿ, ತಿರುಗುವಾಗ ಗ್ರೀಸ್ ಹಾರಿ ಪ್ಲೇಟಿಗೆ ಬೀಳತ್ತೆ.

ಗೇರ್ ಬಾಕ್ಸ್ ಕೂರಿಸೋದೇ ಇದ್ರಲ್ಲಿ ಕಷ್ಟದ ಭಾಗ. ಎರಡು ಉದ್ದ ಬೋಲ್ಟಿನ ತಲೆ ಕತ್ತರಿಸಿ ಎಂಜಿನ್ ಕಡೆ ತಿರುಗಿಸಿಡಿ, ಗೇರ್ ಬಾಕ್ಸ್ ಅದರ ಮೇಲೆ ಜಾರ್ಕೊಂಡು ನೇರವಾಗಿ ಬರತ್ತೆ. ಗೇರಿಗೆ ಹಾಕಿ ಹಿಂದಿನ ಫ್ಲ್ಯಾಂಜ್ ಮೆಲ್ಲಗೆ ತಿರುಗಿಸಿದ್ರೆ ಸ್ಪ್ಲೈನ್ ಹಲ್ಲು ಕೂಡ್ಕೊಳತ್ತೆ. ಗ್ಯಾಪ್ ಉಳಿದಿದ್ರೆ ಬೋಲ್ಟ್ ಬಿಗಿದು ಎಳ್ಕೋಬೇಡಿ, ಹೌಸಿಂಗಿನ ಬೋಲ್ಟ್ ಕೂರೋ ಕಿವಿ ಮುರಿಯತ್ತೆ. ಹಿಂದಕ್ಕೆ ತಗೊಂಡು ಮತ್ತೆ ಪ್ರಯತ್ನ ಮಾಡಿ, ಸಾಲಲ್ಲಿದ್ರೆ ಕೈಯಲ್ಲಿ ತಳ್ಳಿದ್ರೇ ಬರತ್ತೆ.

ಹೈಡ್ರಾಲಿಕ್ ಲೈನ್ ಬಿಚ್ಚಿದ್ರೆ ಏರ್ ತೆಗೀರಿ, ಗೇರ್ ಆಯಿಲ್ ನೋಡಿ. ಮೊದಲ 500ರಿಂದ 800 ಕಿ.ಮೀ. ಭಾರ ಹೇರ್ಬೇಡಿ, ಪೆಡಲ್ ಮೇಲೆ ಕಾಲಿಟ್ಕೊಂಡು ಓಡಿಸ್ಬೇಡಿ. ಎರಡು ಮೂರು ದಿನ ಬಿಟ್ಟು ಎಂಜಿನ್ ಆಫ್ ಮಾಡಿ ಬೆಲ್ ಹೌಸಿಂಗ್ ಕೆಳಗೆ ಒಂದ್ಸಲ ಕೈ ಆಡಿಸಿ, ಎಣ್ಣೆ ಪಸೆ ಇಲ್ಲ ಅಂದ್ರೆ ಸೀಲ್ ಸರಿಯಾಗಿ ಕೂತಿದೆ.