ಪಂಚಾಂಗಕ್ಕಿಂತ ಥರ್ಮಾಮೀಟರ್ ನಂಬಿ: ಅರ್ಕಾನ್ಸಾ ನದಿಯಲ್ಲಿ ಟ್ರೌಟ್ ಮೀನಿಗೆ ಫ್ಲೈ ಆರಿಸುವ ಕ್ರಮ

ಕೊಲರಾಡೊದ ಅರ್ಕಾನ್ಸಾ ನದಿ ಹತ್ತು ಸಾವಿರ ಅಡಿಗೂ ಎತ್ತರದಲ್ಲಿರುವ ಲೆಡ್‌ವಿಲ್ ಪಟ್ಟಣದ ಸುತ್ತಲಿನ ಪರ್ವತಗಳಲ್ಲಿ ಹುಟ್ಟಿ, ಬ್ಯೂನಾ ವಿಸ್ಟಾ ಮತ್ತು ಸಲೈಡಾ ಪಟ್ಟಣಗಳನ್ನು ಹಾದು, ಕ್ಯಾನ್ಯನ್ ಸಿಟಿಯ ಬಳಿ ಬಯಲಿಗೆ ಇಳಿಯುತ್ತದೆ. 2014ರಲ್ಲಿ ಇದರ 102 ಮೈಲಿ ಉದ್ದದ ಹರಿವನ್ನು ರಾಜ್ಯವು, ದೊಡ್ಡ ಟ್ರೌಟ್ ಹೇರಳವಾಗಿರುವ ಹೊಳೆಗಳಿಗೆ ಕೊಡುವ ‘ಗೋಲ್ಡ್ ಮೆಡಲ್’ ನೀರು ಎಂಬ ಹೆಸರಿನಿಂದ ಘೋಷಿಸಿತು. ಇಲ್ಲಿ ಹೆಚ್ಚಾಗಿರುವುದು ಬ್ರೌನ್ ಟ್ರೌಟ್, ಅದರ ಮುಖ್ಯ ಆಹಾರ ನೀರಿನಲ್ಲೇ ಬೆಳೆಯುವ ಹುಳುಗಳು. ಆ ಹುಳುಗಳನ್ನು ಹೋಲುವಂತೆ ಗರಿ, ಕೂದಲು ಮತ್ತು ದಾರದಿಂದ ಕೊಕ್ಕೆಯ ಮೇಲೆ ಕಟ್ಟಿದ ಹುಸಿ ಹುಳುವೇ ಫ್ಲೈ. ಅದರ ಅಳತೆಯ ಸಂಖ್ಯೆ ಹೆಚ್ಚಾದಂತೆ ಗಾತ್ರ ಚಿಕ್ಕದಾಗುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ: 8 ಸಂಖ್ಯೆಯ ಫ್ಲೈ ಮಿಡತೆಯಷ್ಟು ದೊಡ್ಡದು, 22ರದ್ದು ಎಳ್ಳಿನ ಕಾಳಿಗಿಂತ ಸ್ವಲ್ಪ ಉದ್ದ.

ಕೀಟಗಳು ನೀರಿನ ತಳದಿಂದ ಗುಂಪಾಗಿ ಎದ್ದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುವುದನ್ನು ಗಾಳಗಾರರು ಹ್ಯಾಚ್ ಎನ್ನುತ್ತಾರೆ. ಮೊಟ್ಟೆ ಒಡೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮೂರುಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಮಳೆಹುಳುಗಳು ಒಮ್ಮೆಗೇ ಎದ್ದು ದೀಪಕ್ಕೆ ಮುತ್ತುವುದನ್ನು ಕಂಡವರಿಗೆ ಹ್ಯಾಚ್ ಎಂದರೇನೆಂದು ಬೇರೆ ವಿವರಿಸಬೇಕಿಲ್ಲ. ಮಳೆಹುಳು ಕಾಯುವುದು ಮಳೆಗಾಗಿ, ಹೊಳೆಯ ಹುಳು ಕಾಯುವುದು ನೀರು ಸಾಕಷ್ಟು ಬೆಚ್ಚಗಾಗುವುದಕ್ಕಾಗಿ. ಆದ್ದರಿಂದ ದಂಡೆಗೆ ಬಂದ ಕೂಡಲೇ ಫ್ಲೈ ಪೆಟ್ಟಿಗೆ ತೆರೆಯದೆ, ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಎರಡು ನಿಮಿಷ ಇಳಿಬಿಡುವುದು ನನ್ನ ಮೊದಲ ಕೆಲಸ.

ಎರಡನೆಯ ಕೆಲಸ ಕಲ್ಲು ಮಗುಚುವುದು. ಮೊಣಕಾಲುದ್ದದ ನೀರಿನಿಂದ ಅಂಗೈಯಗಲದ ಕಲ್ಲೊಂದನ್ನು ಎತ್ತಿ ಅಡಿಯನ್ನು ನೋಡಿದರೆ, ಏಪ್ರಿಲ್‌ನಲ್ಲಿ ಅದರ ತುಂಬ ಕಡ್ಡಿಯ ಚೂರುಗಳಂತಹ ಕಂದು ಗೂಡುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಬಿಡಿಸಿ ಹತ್ತಿರದಿಂದ ನೋಡಿ: ನಾಲ್ಕು ಮೂಲೆಗಳು ಚೊಕ್ಕವಾಗಿ ಕೂಡಿದ, ಒಂದು ತುದಿಗೆ ಕಿರಿದಾಗುತ್ತ ಹೋಗುವ ಪುಟ್ಟ ಚಿಮಣಿ. ಗಿಡದ ಸಣ್ಣ ಚೂರುಗಳನ್ನು ತನ್ನದೇ ರೇಷ್ಮೆಯಿಂದ ಹೊಂದಿಸಿ ಇದನ್ನು ಕಟ್ಟಿದ್ದು ಬ್ರ್ಯಾಕಿಸೆಂಟ್ರಸ್ ಎಂಬ ಕ್ಯಾಡಿಸ್ ಜಾತಿಯ (ಬೆಳೆದ ಮೇಲೆ ಪತಂಗದಂತೆ ಕಾಣುವ ಹೊಳೆಯ ಕೀಟ) ಹಸಿರು ಮರಿಹುಳು. ಗೂಡಿನ ಬಾಯಿ ತೆರೆದಿದ್ದು ಮರಿಹುಳು ಕಾಲು ಆಡಿಸುತ್ತಿದ್ದರೆ ಹ್ಯಾಚ್ ಇನ್ನೂ ದೂರವಿದೆ, ಬಾಯಿ ಮುಚ್ಚಿದ್ದರೆ ಒಳಗೆ ಅದು ಕೋಶಾವಸ್ಥೆಗೆ ಹೋಗಿದೆ, ಗೂಡುಗಳು ಬರಿದಾಗಿದ್ದರೆ ನೀವು ತಡವಾಗಿ ಬಂದಿದ್ದೀರಿ. ಗಾಳದ ಅಂಗಡಿಯ ಗೋಡೆಗೆ ಹಾಕಿದ ಹ್ಯಾಚ್ ದಿನಗಳ ಯಾವ ಪಟ್ಟಿಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಟ್ಟುಬಿಡಿ.

ಈ ಕ್ಯಾಡಿಸ್ ಹ್ಯಾಚ್‌ಗೆ ‘ಮದರ್ಸ್ ಡೇ ಕ್ಯಾಡಿಸ್’ ಎಂಬ ಹೆಸರಿದೆ. ಅಮೆರಿಕದಲ್ಲಿ ಅಮ್ಮಂದಿರ ದಿನ ಮೇ ತಿಂಗಳ ಎರಡನೆಯ ಭಾನುವಾರ ಬರುತ್ತದೆ. ಮೊದಲ ವರ್ಷ ನಾನು ಹೆಸರನ್ನೇ ನಂಬಿ ಅದೇ ಭಾನುವಾರ ಕ್ಯಾನ್ಯನ್ ಸಿಟಿಯ ಮೇಲ್ಭಾಗಕ್ಕೆ ಹೋದೆ, ಅಲ್ಲಿ ಹಿಮ ಕರಗಿದ ಕೆಂಪು ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಈ ಹ್ಯಾಚ್ ನೀರು ಸುಮಾರು 12 ಡಿಗ್ರಿ ಸೆಲ್ಸಿಯಸ್, ಅಂದರೆ 54 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಾಗ ಬಿರುಸಾಗುತ್ತದೆ. ಕೆಳಗಿನ ನೀರು ಮೊದಲು ಬೆಚ್ಚಗಾಗುವುದರಿಂದ ಏಪ್ರಿಲ್‌ನಲ್ಲಿ ಕ್ಯಾನ್ಯನ್ ಸಿಟಿಯ ಕಡೆ ಶುರುವಾಗಿ, ದಿನದಿಂದ ದಿನಕ್ಕೆ ಹೊಳೆಯ ಮೇಲ್ಮುಖವಾಗಿ ಸಲೈಡಾದತ್ತ ಸರಿಯುತ್ತದೆ. ಒಂದೆಡೆ ಪೊದೆಗಳ ಮೇಲೆ ಕ್ಯಾಡಿಸ್ ದಟ್ಟವಾಗಿ ಕೂತಿದ್ದರೂ ಮೀನು ಏಳದಿದ್ದರೆ, ಅದು ಹೊಟ್ಟೆ ತುಂಬಿಸಿಕೊಂಡಾಗಿದೆ ಎಂದು ತಿಳಿದು ಕೆಲವು ಮೈಲಿ ಮೇಲಕ್ಕೆ ಹೋಗುವುದು ಉತ್ತಮ.

ಯಾವ ಹುಳು ಎಂಬುದಕ್ಕಿಂತ ಅದು ಯಾವ ಹಂತದಲ್ಲಿದೆ ಎಂಬುದೇ ಫ್ಲೈಯ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ಮೀನೇ ತೋರಿಸಿಕೊಡುತ್ತದೆ. ಮೂತಿ ಹೊರಗೆ ಬಂದು ನೀರಿನ ಮೇಲೆ ಗುಳ್ಳೆಯೊಂದು ಉಳಿದರೆ, ಮೀನು ಗಾಳಿಯನ್ನೂ ಸೇರಿಸಿ ಮೇಲ್ಮೈಯ ರೆಕ್ಕೆಹುಳುವನ್ನು ನುಂಗಿದೆ. ಆಗ 14 ಅಥವಾ 16ರ ಎಲ್ಕ್ ಹೇರ್ ಕ್ಯಾಡಿಸ್ ಎಂಬ ತೇಲುವ ಫ್ಲೈ ಕಟ್ಟಬೇಕು. ಗುಳ್ಳೆಯಿಲ್ಲದೆ ಬೆನ್ನು ಮತ್ತು ಬಾಲದ ತುದಿ ಮಾತ್ರ ಮಗುಚಿದಂತೆ ಕಂಡರೆ, ಅದು ಮೇಲ್ಮೈಗೆ ಬೆರಳಷ್ಟು ಕೆಳಗೆ ಮೇಲೇರುತ್ತಿರುವ ಕೋಶಹುಳುವನ್ನು ಹಿಡಿಯುತ್ತಿದೆ. ಆಗ ತೇಲುವ ಫ್ಲೈ ಎಷ್ಟು ಚೆನ್ನಾಗಿ ತೇಲಿದರೂ ಪ್ರಯೋಜನವಿಲ್ಲ. ಹಸಿರು ಮೈಯ ಕ್ಯಾಡಿಸ್ ಪ್ಯೂಪಾ ಕಟ್ಟಿ, ಸೆಳವಿನೊಡನೆ ಸಾಗಲು ಬಿಟ್ಟು, ಕೊನೆಯಲ್ಲಿ ದಾರ ಬಿಗಿಯಾಗಿ ಅದು ತಾನಾಗಿ ಮೇಲೇಳುವವರೆಗೂ ಕಾಯಬೇಕು. ಮೀನು ಬಹುಪಾಲು ಹಿಡಿಯುವುದು ಆ ಕೊನೆಯ ಕ್ಷಣದಲ್ಲೇ, ಹೊಸಬರು ದಾರ ಹಿಂದಕ್ಕೆಳೆಯುವುದೂ ಆಗಲೇ.

ಕ್ಯಾಡಿಸ್‌ಗಿಂತ ಮೊದಲು ಬರುವುದು ಬೇಟಿಸ್ ಎಂಬ ಮೇಫ್ಲೈ. ಗಾಳಗಾರರ ಬಾಯಲ್ಲಿ ಇದು ಬ್ಲೂ ವಿಂಗ್ಡ್ ಆಲಿವ್. ಮಾರ್ಚ್ ಕೊನೆಯಿಂದ, ನೀರು 6–7 ಡಿಗ್ರಿ ಸೆಲ್ಸಿಯಸ್ ದಾಟಿದ ಮಧ್ಯಾಹ್ನಗಳಲ್ಲಿ ಇದು ಏಳುತ್ತದೆ. ಬಿಸಿಲಿನ ದಿನಕ್ಕಿಂತ ಮೋಡ ಕವಿದು ಹಿಮದ ಹುಡಿ ಉದುರುವ ದಿನವೇ ಇದಕ್ಕೆ ಒಳ್ಳೆಯದು, ಏಕೆಂದರೆ ತಣ್ಣನೆಯ ತೇವದಲ್ಲಿ ರೆಕ್ಕೆ ಒಣಗಲು ತಡವಾಗಿ ಹುಳುಗಳು ನೀರಿನ ಮೇಲೆ ದೋಣಿಗಳಂತೆ ಬಹಳ ಹೊತ್ತು ತೇಲುತ್ತವೆ. ಬೆಳಗ್ಗೆ ತಳದಲ್ಲಿ 18ರ ಫೆಸೆಂಟ್ ಟೇಲ್, ಹುಳು ಏಳತೊಡಗಿದ ಮೇಲೆ ಕೊಲರಾಡೊದವರೇ ಆದ ರಿಮ್ ಚಂಗ್ ರೂಪಿಸಿದ, ಮೇಲೇಳುತ್ತಿರುವ ಹುಳುವನ್ನು ಹೋಲುವ ಆರ್‌ಎಸ್2, ರೆಕ್ಕೆಗಳು ಕಾಣಿಸಿದಾಗ 20ರ ಪ್ಯಾರಾಶೂಟ್ ಆಡಮ್ಸ್: ಈ ಮೂರೇ ಸಾಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಇರುವುದು ಮಿಜ್ ಎಂಬ ನುಸಿಯಂಥ ಹುಳುಗಳು ಮಾತ್ರ. ನಡುಮಧ್ಯಾಹ್ನದ ಎರಡು ಮೂರು ಗಂಟೆ, ನಿಧಾನದ ಮಡುಗಳಲ್ಲಿ, 22ರ ಜೀಬ್ರಾ ಮಿಜ್ ಮತ್ತು 6ಎಕ್ಸ್ ಎಂಬ ಅಳತೆಯ ತೀರ ತೆಳುವಾದ ದಾರ ಬಳಸಿ.

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಹಿಮ ಕರಗಿ ನದಿ ಉಕ್ಕುತ್ತದೆ. ಆಗ ಹೊಳೆಯೊಳಗೆ ಇಳಿಯಲೇಬೇಡಿ.

ನೀರು ತಿಳಿಯಾಗಿ ಇಳಿಯುವ ಜುಲೈನಲ್ಲಿ ಆಹಾರ ಬಗೆಬಗೆಯದಾಗಿರುತ್ತದೆ. ಬೆಳಗ್ಗೆ ಕಲ್ಲುಗಳ ಮೇಲೆ ಬೆನ್ನು ಬಿರಿದ ಒಣ ಪೊರೆಗಳು ಅಂಟಿಕೊಂಡಿದ್ದರೆ, ಸ್ಟೋನ್‌ಫ್ಲೈ ರಾತ್ರಿಯೇ ತೆವಳಿ ದಡ ಹತ್ತಿದೆ ಎಂದರ್ಥ. ಅದು ಮೇಫ್ಲೈಯಂತೆ ನಡುಹೊಳೆಯಲ್ಲಿ ಏಳದೆ ದಂಡೆಗೆ ತೆವಳುವುದರಿಂದ, ಫ್ಲೈಯನ್ನೂ ದಂಡೆಯಿಂದ ಒಂದು ಮೊಳದೊಳಗೇ ಬೀಳಿಸಬೇಕು. ಹಳದಿ ಬಣ್ಣದ ಪುಟ್ಟ ಸ್ಟೋನ್‌ಫ್ಲೈಯಾದ ಯೆಲ್ಲೋ ಸ್ಯಾಲಿಗೆ 14 ಅಥವಾ 16, ಮಧ್ಯಾಹ್ನ ಏಳುವ ಮೇಫ್ಲೈಯಾದ ಪೇಲ್ ಮಾರ್ನಿಂಗ್ ಡನ್‌ಗೆ 16 ಅಥವಾ 18 ಸರಿಹೋಗುತ್ತದೆ. ಇದೇ ತಿಂಗಳುಗಳಲ್ಲಿ ನಡುಹಗಲು ನದಿಯ ತುಂಬ ರಬ್ಬರ್ ದೋಣಿಗಳಿರುವುದರಿಂದ ಮುಂಜಾನೆ ಮತ್ತು ಸಂಜೆಯನ್ನೇ ಆರಿಸಿಕೊಳ್ಳಿ.

ಆಗಸ್ಟ್‌ನಲ್ಲಿ ಗಾಳಿ ಬೀಸಿದಾಗ ಹುಲ್ಲಿನಿಂದ ಮಿಡತೆ, ಇರುವೆ, ಜೀರುಂಡೆಗಳು ನೀರಿಗೆ ಬೀಳುತ್ತವೆ. ಮಿಡತೆಯನ್ನು ಹೋಲುವ 8 ಅಥವಾ 10ರ ಹಾಪರ್ ಕಟ್ಟಿ, ಅದರ ಕೊಕ್ಕೆಗೆ ಎರಡು ಅಡಿ ದಾರದಲ್ಲಿ 16ರ ಫೆಸೆಂಟ್ ಟೇಲ್ ಇಳಿಬಿಟ್ಟರೆ ಮೇಲೂ ಕೆಳಗೂ ಒಂದೇ ಎಸೆತದಲ್ಲಿ ಹುಡುಕಿದಂತಾಗುತ್ತದೆ. ಆದರೆ ಈ ತಿಂಗಳಲ್ಲಿ ಥರ್ಮಾಮೀಟರಿಗೆ ಇನ್ನೊಂದು ಕೆಲಸವಿದೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ; ನೀರು 20 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಬಂದರೆ, ಹಿಡಿದು ಬಿಟ್ಟ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಆಗ ಗಾಳದ ಕೋಲು ಮಡಚಿ ಹೊರಟುಬಿಡುವುದೇ ಸರಿ. ಉಳಿದ ದಿನಗಳಲ್ಲೂ ಮೊನೆಯ ಬಳಿ ಹಿಮ್ಮುಖ ಮುಳ್ಳಿಲ್ಲದ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಿ. 16 ವರ್ಷ ತುಂಬಿದವರು ರಾಜ್ಯದ ಪರವಾನಗಿ ಪಡೆದಿರಬೇಕು.

ಸೆಪ್ಟೆಂಬರ್ ನಡುವಿನಿಂದ ಬೇಟಿಸ್ ಮರಳುತ್ತದೆ. ಇದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು ಕಾಣುವ ಹುಳು. ಶರತ್ಕಾಲದ್ದು ವಸಂತದ್ದಕ್ಕಿಂತ ಚಿಕ್ಕದು, ಆದ್ದರಿಂದ ಅದೇ ಫ್ಲೈಗಳನ್ನು ಒಂದು ಅಳತೆ ಕಿರಿದು ಮಾಡಿ 20 ಅಥವಾ 22ಕ್ಕೆ ಇಳಿಯಿರಿ. ಅಕ್ಟೋಬರ್‌ನಲ್ಲಿ ಬ್ರೌನ್ ಟ್ರೌಟ್ ಮೊಟ್ಟೆಯಿಡಲು ತೆಳು ನೀರಿನ ಜಲ್ಲಿಗೆ ಬರುತ್ತದೆ. ಹೆಣ್ಣು ಮೀನು ಬಾಲದಿಂದ ಪಾಚಿ ಉಜ್ಜಿ ತೆಗೆದ ಜಾಗ, ಸುತ್ತಲಿನ ಕಂದು ತಳದ ನಡುವೆ ತೊಳೆದಿಟ್ಟಂತೆ ಬಿಳಿಚಿಕೊಂಡ ಜಲ್ಲಿಯ ಅಂಡಾಕಾರದ ತೇಪೆಯಾಗಿ ಕಾಣುತ್ತದೆ. ಅಲ್ಲಿ ಎರಡು ದೊಡ್ಡ ಮೀನುಗಳು ನಿಂತಿದ್ದರೂ ಗಾಳ ಹಾಕಬೇಡಿ, ಮುಂದಿನ ವಸಂತದವರೆಗೆ ಅದರ ಮೇಲೆ ಕಾಲನ್ನೂ ಇಡಬೇಡಿ. ದಂಡೆಯ ಮೇಲೇ ಸುತ್ತು ಹಾಕಿ ಮುಂದಿನ ಆಳವಾದ ಮಡುವಿಗೆ ಹೋಗಿ. ಮೋಡ ಕವಿದಿದ್ದರೆ ಮಧ್ಯಾಹ್ನ ಒಂದರ ಹೊತ್ತಿಗೆ ಅಲ್ಲಿ ಬೇಟಿಸ್ ಏಳತೊಡಗಿರುತ್ತದೆ.